ಕರುಳು ಕೆರಳಿದಾಗ ಅಡುಗೆಮನೆ ಏನು ಮಾಡಬಹುದು?

ಮದುವೆಯ ಕರೆಯೋಲೆ ಕೈಗೆ ಬಂದ ಕೂಡಲೇ ಹಾಲ್‌ನಲ್ಲಿ ಶೌಚಾಲಯ ಎಲ್ಲಿದೆ ಎಂಬ ಚಿಂತೆ ನಿಮಗೆ ಹುಟ್ಟುತ್ತದೆಯೇ? ಮೂಡುಬಿದಿರೆಯಿಂದ ವೇಣೂರು ದಾರಿಯಾಗಿ ಬೆಳ್ತಂಗಡಿಗೆ ಹೋಗಬೇಕಾದರೆ ಬೆಳಗ್ಗಿನಿಂದಲೇ ಏನನ್ನೂ ತಿನ್ನದೆ ಬಸ್ ಹತ್ತುತ್ತೀರಾ? ನಮಾಝಿಗೆ ನಿಂತಾಗ ಹೊಟ್ಟೆ ಕಿವುಚಿ, ಮತ್ತೆ ವುಝೂ ಮಾಡಿ, ಮತ್ತೆ ನಿಂತು, ಕೊನೆಗೆ ಕಣ್ಣೀರು ಬಂದದ್ದುಂಟೇ? ಹಾಗಿದ್ದರೆ ಈ ಲೇಖನ ನಿಮಗಾಗಿ. ನಿಮಗಿಲ್ಲದಿದ್ದರೂ ನಿಮ್ಮ ಮನೆಯಲ್ಲಿ ಯಾರಿಗಾದರೂ ಇರಬಹುದು. ಈ ಕಾಯಿಲೆಯನ್ನು ಜನ ಬಾಯಿಬಿಟ್ಟು ಹೇಳುವುದು ತೀರಾ ಕಡಿಮೆ. ಅದರಲ್ಲೂ ಹೆಣ್ಣುಮಕ್ಕಳು ಉಮ್ಮನಿಗೂ ಹೇಳದೆ ವರ್ಷಗಟ್ಟಲೆ ಸಹಿಸುತ್ತಾರೆ.

ಮಲದಲ್ಲಿ ರಕ್ತ ಕಂಡರೆ ನಮ್ಮಲ್ಲಿ ಹೆಚ್ಚಿನವರು ಮೊದಲು ಹೇಳುವ ಹೆಸರು ಮೂಲವ್ಯಾಧಿ. ಪರಿಚಯದವರು ಯಾವುದೋ ಸೊಪ್ಪಿನ ರಸ ಹೇಳುತ್ತಾರೆ, ಮೆಡಿಕಲ್‌ನವರು ಮಾತ್ರೆ ಕೊಡುತ್ತಾರೆ, ನಾಲ್ಕು ದಿನ ಕಡಿಮೆಯಾದಂತೆ ಅನಿಸುತ್ತದೆ. ಆದರೆ ರಕ್ತದ ಜೊತೆಗೆ ಲೋಳೆ, ದಿನಕ್ಕೆ ಹಲವು ಸಲ ಭೇದಿ, ತಡೆಯಲಾಗದ ಅವಸರ, ಹೋಗಿ ಬಂದ ಮೇಲೂ ಪೂರ್ತಿ ಆಗಲಿಲ್ಲ ಎಂಬ ಭಾವನೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಹೊಟ್ಟೆನೋವು, ಆಯಾಸ, ತೂಕ ಇಳಿಕೆ ಇವೆಲ್ಲ ವಾರಗಟ್ಟಲೆ ಮುಂದುವರಿದರೆ ಅದು ಮೂಲವ್ಯಾಧಿ ಅಲ್ಲದಿರಬಹುದು. ದೊಡ್ಡ ಕರುಳಿನ ಉರಿಯೂತ, ಅಂದರೆ ಕೊಲೈಟಿಸ್ ಆಗಿರಬಹುದು.

ಏನಿದು ಕೊಲೈಟಿಸ್?

ನಮ್ಮ ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದದ ಕೊಳವೆ. ತಿಂದ ಆಹಾರದಲ್ಲಿ ಉಳಿದ ನೀರನ್ನು ಹೀರಿ ಮಲವನ್ನು ಗಟ್ಟಿ ಮಾಡುವುದು ಅದರ ಮುಖ್ಯ ಕೆಲಸ. ಅದರ ಒಳಪದರ ಊದಿ, ಕೆಂಪಾಗಿ, ಹುಣ್ಣಾದರೆ ನೀರು ಹೀರುವ ಶಕ್ತಿ ಕುಗ್ಗುತ್ತದೆ. ಹುಣ್ಣಿನಿಂದ ರಕ್ತ ಒಸರುತ್ತದೆ. ಭೇದಿಯೂ ರಕ್ತವೂ ಒಟ್ಟಿಗೆ ಬರುವುದು ಇದಕ್ಕೇ.

ಕೊಲೈಟಿಸ್‌ಗೆ ಕಾರಣಗಳು ಹಲವು. ಕಲುಷಿತ ನೀರು, ಆಹಾರದಿಂದ ಬರುವ ಸೋಂಕು ಕೆಲವು ದಿನಗಳಲ್ಲಿ ವಾಸಿಯಾಗುತ್ತದೆ. ಅಮೀಬಾದಿಂದ ಬರುವ ಆಮಶಂಕೆಗೆ ಬೇರೆಯೇ ಔಷಧಿ. ಆದರೆ ಅಲ್ಸರೇಟಿವ್ ಕೊಲೈಟಿಸ್ ದೀರ್ಘಕಾಲದ ಕಾಯಿಲೆ. ದೇಹದ ರಕ್ಷಣಾ ವ್ಯವಸ್ಥೆಯೇ ಹಾದಿ ತಪ್ಪಿ ಸ್ವಂತ ಕರುಳಿನ ಮೇಲೆ ತಿರುಗಿ ಬೀಳುವುದರಿಂದ ಇದು ಉಂಟಾಗುತ್ತದೆ. ಗುದನಾಳದಲ್ಲಿ ಆರಂಭವಾಗಿ ಮೇಲಕ್ಕೆ ಹಬ್ಬುತ್ತದೆ. ಕೆಲವು ತಿಂಗಳು ಸುಮ್ಮನಿರುತ್ತದೆ, ಮತ್ತೆ ಕೆರಳುತ್ತದೆ. ಇದು ಒಬ್ಬರಿಂದ ಒಬ್ಬರಿಗೆ ಹರಡುವ ರೋಗವಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ ಅಂಟುವುದಿಲ್ಲ.

ಇದು ಬಿಳಿಯರ ದೇಶದ ಕಾಯಿಲೆ ಎಂಬ ಭಾವನೆ ಒಂದು ಕಾಲದಲ್ಲಿ ವೈದ್ಯರಲ್ಲೂ ಇತ್ತು. ಪಂಜಾಬಿನಲ್ಲಿ ಮನೆಮನೆಗೆ ಹೋಗಿ ಐವತ್ತು ಸಾವಿರಕ್ಕೂ ಹೆಚ್ಚು ಜನರನ್ನು ವಿಚಾರಿಸಿದ ವೈದ್ಯರು 2003ರಲ್ಲಿ ಪ್ರಕಟಿಸಿದ ವರದಿ ಆ ಭಾವನೆಯನ್ನು ಅಳಿಸಿತು. ಅಲ್ಲಿ ಲಕ್ಷಕ್ಕೆ ಸುಮಾರು 44 ಮಂದಿಗೆ ಅಲ್ಸರೇಟಿವ್ ಕೊಲೈಟಿಸ್ ಇತ್ತು. ಆದ್ದರಿಂದ ಬಂಟ್ವಾಳದ ಒಂದು ಮನೆಯಲ್ಲಿ ಇದು ಕಾಣಿಸಿಕೊಂಡರೆ ಅದು ಯಾರದೋ ಕಣ್ಣು ತಾಗಿದ್ದಲ್ಲ, ಯಾರ ತಪ್ಪೂ ಅಲ್ಲ.

ಮೊದಲು ಪರೀಕ್ಷೆ, ನಂತರ ಪಥ್ಯ

ಆಹಾರದ ಮಾತಿಗೆ ಬರುವ ಮುನ್ನ ಒಂದು ಮಾತು ಸ್ಪಷ್ಟವಾಗಿರಲಿ. ಆಹಾರದಿಂದ ಕೊಲೈಟಿಸ್‌ನ ತೊಂದರೆಗಳನ್ನು ತಗ್ಗಿಸಬಹುದು. ಔಷಧಿ ಬಿಟ್ಟು ಬರಿಯ ಆಹಾರದಿಂದ ಕಾಯಿಲೆಯನ್ನು ಗುಣಪಡಿಸಬಹುದು ಎಂದು ಹೇಳುವವರನ್ನು ನಂಬಬೇಡಿ.

ರೋಗ ಖಚಿತವಾಗಲು ಮಲಪರೀಕ್ಷೆ, ರಕ್ತಪರೀಕ್ಷೆ ಮತ್ತು ಕೊಲೊನೋಸ್ಕೋಪಿ ಬೇಕು. ಕ್ಯಾಮರಾ ಇರುವ ಸಪೂರ ಕೊಳವೆಯಿಂದ ಕರುಳನ್ನು ನೋಡಿ, ಸಣ್ಣ ಚೂರು ತೆಗೆದು ಬಯಾಪ್ಸಿಗೆ ಕಳುಹಿಸುತ್ತಾರೆ. ಹೆಸರು ಕೇಳಿಯೇ ನಾಚಿಕೆಯಿಂದ ಹಿಂದೇಟು ಹಾಕುವವರಿದ್ದಾರೆ. ಪರೀಕ್ಷೆಯ ವೇಳೆ ಮೈ ಮುಚ್ಚಿರುತ್ತದೆ, ಹೆಚ್ಚಿನ ಕಡೆ ಮಂಪರು ಬರುವ ಔಷಧಿ ಕೊಡುತ್ತಾರೆ. ಮಹಿಳಾ ವೈದ್ಯರು ಅಥವಾ ಮಹಿಳಾ ನರ್ಸ್ ಇರಬೇಕೆಂದು ಮೊದಲೇ ಕೇಳಿಕೊಳ್ಳುವುದರಲ್ಲಿ ತಪ್ಪಿಲ್ಲ. ನಮ್ಮ ದೇಶದಲ್ಲಿ ಕರುಳಿನ ಕ್ಷಯವೂ ಇಂಥದೇ ಲಕ್ಷಣ ತೋರಬಹುದು. ಕ್ಷಯ ಇರುವವರಿಗೆ ಕೊಲೈಟಿಸ್ ಎಂದು ಸ್ಟಿರಾಯ್ಡ್ ಕೊಟ್ಟರೆ ಅಪಾಯ. ಅದಕ್ಕೇ ಅಂದಾಜಿನ ಚಿಕಿತ್ಸೆ ಬೇಡ.

ಬಂಟ್ವಾಳ ಮತ್ತು ಬೆಳ್ತಂಗಡಿಯ ಸರಕಾರಿ ತಾಲೂಕು ಆಸ್ಪತ್ರೆಗಳಲ್ಲಿ, ಮೂಡುಬಿದಿರೆಯ ಸಮುದಾಯ ಆರೋಗ್ಯ ಕೇಂದ್ರದಲ್ಲಿ ಮೊದಲು ತೋರಿಸಿ. ಅಲ್ಲಿಂದ ಮಂಗಳೂರಿನ ವೆನ್‌ಲಾಕ್ ಜಿಲ್ಲಾಸ್ಪತ್ರೆಗೋ ಕರುಳಿನ ತಜ್ಞರಿರುವ ಆಸ್ಪತ್ರೆಗೋ ಶಿಫಾರಸು ಪತ್ರ ಕೇಳಿ. ಬಿಪಿಎಲ್ ಕಾರ್ಡ್ ಇದ್ದವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಯಾವ ಚಿಕಿತ್ಸೆ ಸಿಗುತ್ತದೆ ಎಂದು ಅಲ್ಲೇ ವಿಚಾರಿಸಿ. ಮಾತ್ರೆಗಳನ್ನು ದೀರ್ಘಕಾಲ ನುಂಗಬೇಕಾಗುವುದರಿಂದ ಖರ್ಚಿನ ವಿಷಯವನ್ನು ವೈದ್ಯರ ಬಳಿ ಮುಚ್ಚಿಡಬೇಡಿ. ಜನೌಷಧಿ ಕೇಂದ್ರದಲ್ಲಿ ಸಿಗುವ ಔಷಧಿಯನ್ನೇ ಬರೆದುಕೊಡಲಾಗುತ್ತದೆಯೇ ಎಂದು ಕೇಳಿ.

ಕೆರಳಿದ ದಿನಗಳ ಊಟ

ಕೊಲೈಟಿಸ್‌ಗೆ ಎರಡು ಕಾಲಗಳಿವೆ: ಕೆರಳಿದ ಕಾಲ ಮತ್ತು ತಣ್ಣಗಿರುವ ಕಾಲ. ಎರಡಕ್ಕೂ ಒಂದೇ ಪಥ್ಯವಲ್ಲ. ಹೆಚ್ಚಿನವರು ಎಡವುವುದು ಇಲ್ಲೇ.

ಕೆರಳಿದ ದಿನಗಳಲ್ಲಿ ಕರುಳಿಗೆ ವಿಶ್ರಾಂತಿ ಬೇಕು. ನಾರು, ಸಿಪ್ಪೆ, ಬೀಜ ಕಡಿಮೆ ಇರುವ, ಚೆನ್ನಾಗಿ ಬೆಂದ ಆಹಾರ ಒಳ್ಳೆಯದು. ನಮ್ಮೂರಿನ ಅಡುಗೆಮನೆಯಲ್ಲಿ ಅದಕ್ಕೆ ಕೊರತೆಯಿಲ್ಲ.

ಗಂಜಿ: ಕುಚ್ಚಲಕ್ಕಿ ಗಂಜಿ ನಮ್ಮ ನಿತ್ಯದ ಊಟ. ಆದರೆ ಕೆಂಪು ಕುಚ್ಚಲಕ್ಕಿಯಲ್ಲಿ ತೌಡಿನ ಅಂಶ ಹೆಚ್ಚು. ಕೆರಳಿದ ದಿನಗಳಲ್ಲಿ ಬೆಳ್ತಿಗೆ ಅಕ್ಕಿಯ ಗಂಜಿಯನ್ನು ಮೆತ್ತಗೆ ಬೇಯಿಸಿ, ಚಿಟಿಕೆ ಉಪ್ಪು ಹಾಕಿ ಕುಡಿಯಿರಿ. ನೀರು ದೋಸೆ, ಇಡ್ಲಿ, ತೆಳುವಾದ ಅಕ್ಕಿ ಪತ್ತಿರ್ ಕೂಡ ಹೆಚ್ಚಿನವರಿಗೆ ಹಿಡಿಸುತ್ತವೆ.

ತರಕಾರಿ: ಸೋರೆಕಾಯಿ, ಬೂದುಗುಂಬಳ, ಸಿಹಿಗುಂಬಳ, ಸೌತೆಕಾಯಿ, ಕ್ಯಾರೆಟ್ ಇವುಗಳ ಸಿಪ್ಪೆ, ತಿರುಳಿನ ಬೀಜ ತೆಗೆದು ಮೆತ್ತಗೆ ಬೇಯಿಸಿ. ಹಲಸಿನಕಾಯಿ, ಹಲಸಿನ ಬೀಜ, ಅಲಸಂಡೆ, ಹರಿವೆ ಮತ್ತು ಬಸಳೆಯ ದಂಟು, ನುಗ್ಗೆಕಾಯಿ, ಹಸಿ ತರಕಾರಿ, ನೆಲಗಡಲೆ, ಗೋಡಂಬಿ ಸದ್ಯಕ್ಕೆ ಬೇಡ.

ತೆಂಗಿನಕಾಯಿ: ಗಸಿಗೆ ಹಾಕುವ ಅರೆದ ತೆಂಗಿನಲ್ಲಿ ನಾರು, ಕೊಬ್ಬು ಎರಡೂ ಹೆಚ್ಚು. ಬೇಕಾದರೆ ಹಾಲು ಹಿಂಡಿ, ಸೋಸಿ, ಸ್ವಲ್ಪ ಮಾತ್ರ ಬಳಸಿ.

ಮೀನು, ಮೊಟ್ಟೆ, ಕೋಳಿ: ರಕ್ತ ಹೋಗುತ್ತಿರುವ ದೇಹಕ್ಕೆ ಪ್ರೊಟೀನ್ ಬೇಕೇ ಬೇಕು. ಗಂಜಿ ಮಾತ್ರ ಕುಡಿದು ವಾರಗಟ್ಟಲೆ ಕಳೆದರೆ ಮೈ ಸೊರಗುತ್ತದೆ. ಬೇಯಿಸಿದ ಮೊಟ್ಟೆ, ಚರ್ಮ ತೆಗೆದ ಕೋಳಿಯ ತಿಳಿ ಸಾರು, ಖಾರ ಹುಳಿ ಕಡಿಮೆ ಹಾಕಿದ ಮೀನು ಒಳ್ಳೆಯದು. ಪುಳಿಮುಂಚಿ, ಎಣ್ಣೆಯಲ್ಲಿ ಕರಿದ ಮಸಾಲೆ ಮೀನು ತಣ್ಣಗಿರುವ ಕಾಲಕ್ಕೆ ಬಿಡಿ.

ಹಣ್ಣು: ಚೆನ್ನಾಗಿ ಹಣ್ಣಾದ ಬಾಳೆಹಣ್ಣು, ಹಬೆಯಲ್ಲಿ ಬೇಯಿಸಿದ ನೇಂದ್ರ, ಸಿಪ್ಪೆ ತೆಗೆದು ಬೇಯಿಸಿದ ಸೇಬು ಸಾಮಾನ್ಯವಾಗಿ ಸಹಿಸಬಹುದು.

ಹಾಲು: ಕೆಲವರಿಗೆ ಈ ಕಾಲದಲ್ಲಿ ಹಾಲು ಜೀರ್ಣವಾಗದೆ ಹೊಟ್ಟೆ ಉಬ್ಬರಿಸುತ್ತದೆ. ನಾಲ್ಕೈದು ದಿನ ಹಾಲು ಬಿಟ್ಟು ನೋಡಿ. ವ್ಯತ್ಯಾಸವಿಲ್ಲದಿದ್ದರೆ ಮತ್ತೆ ಕುಡಿಯಿರಿ. ಮೊಸರು, ನೀರು ಮಜ್ಜಿಗೆ ಹೆಚ್ಚಿನವರಿಗೆ ಒಗ್ಗುತ್ತದೆ. ಸ್ಟಿರಾಯ್ಡ್ ನುಂಗುವವರ ಎಲುಬಿಗೆ ಕ್ಯಾಲ್ಸಿಯಂ ಅಗತ್ಯವಿರುವುದರಿಂದ ಕಾರಣವಿಲ್ಲದೆ ಹಾಲನ್ನು ಶಾಶ್ವತವಾಗಿ ಬಿಡಬೇಡಿ.

ನೀರು: ಭೇದಿಯಲ್ಲಿ ಹೋಗುವುದು ನೀರು ಮಾತ್ರವಲ್ಲ, ಲವಣವೂ. ಅಂಗಡಿಯ ಓಆರ್‌ಎಸ್ ಪುಡಿ ಸಿಕ್ಕಿದರೆ ಅದೇ ಉತ್ತಮ. ಇಲ್ಲದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ದಿನವಿಡೀ ಗುಟುಕು ಗುಟುಕಾಗಿ ಕುಡಿಯಿರಿ. ಬೊಂಡದ ನೀರು, ಗಂಜಿ ತಿಳಿಯೂ ಆಗುತ್ತದೆ. ಗಟ್ಟಿ ಚಹಾ, ಕಾಫಿ, ಬಾಟಲಿಯ ಸೋಡಾ ಪಾನೀಯ ಬೇಡ.

ಮೂರು ಹೊತ್ತು ಹೊಟ್ಟೆ ತುಂಬ ಉಣ್ಣುವ ಬದಲು ಐದಾರು ಸಲ ಸ್ವಲ್ಪ ಸ್ವಲ್ಪ ತಿನ್ನುವುದು ಸುಲಭ.

ತಣ್ಣಗಿರುವ ಕಾಲದಲ್ಲಿ

ಭೇದಿ ನಿಂತಿತು, ರಕ್ತ ನಿಂತಿತು, ಆದರೆ ಹೆದರಿಕೆ ನಿಲ್ಲಲಿಲ್ಲ ಎಂದು ವರ್ಷಗಟ್ಟಲೆ ಬರಿಯ ಅನ್ನ, ಮಜ್ಜಿಗೆಯಲ್ಲೇ ಉಳಿಯುವವರಿದ್ದಾರೆ. ಇದು ತಪ್ಪು. ಕರುಳು ತಣ್ಣಗಿರುವಾಗ ನಾರು ಅದಕ್ಕೆ ಮಿತ್ರ. ಅಲ್ಲಿರುವ ಒಳ್ಳೆಯ ಸೂಕ್ಷ್ಮಜೀವಿಗಳಿಗೆ ಅದೇ ಆಹಾರ. ಕುಚ್ಚಲಕ್ಕಿಗೆ ಮರಳಿ. ಹೆಸರುಬೇಳೆ, ಸೊಪ್ಪು, ತರಕಾರಿ, ಹಣ್ಣುಗಳನ್ನು ಒಂದೊಂದಾಗಿ, ವಾರಕ್ಕೊಂದರಂತೆ ಸೇರಿಸಿ. ಹಲಸಿನ ಕಾಲದಲ್ಲಿ ಎರಡು ಸೊಳೆ ತಿಂದು ನೋಡಿ. ಹಿಡಿಸಿದರೆ ಮುಂದುವರಿಸಿ, ಇಲ್ಲವಾದರೆ ಬಿಡಿ.

ಇದಕ್ಕೆ ಒಂದು ನೋಟ್‌ಬುಕ್ ಸಾಕು. ಏನು ತಿಂದಿರಿ, ಎಷ್ಟು ಸಲ ಹೋದಿರಿ, ನೋವಿತ್ತೇ, ರಕ್ತವಿತ್ತೇ ಎಂದು ಎರಡು ವಾರ ಬರೆಯಿರಿ. ಒಬ್ಬರಿಗೆ ಆಗದ್ದು ಇನ್ನೊಬ್ಬರಿಗೆ ಆಗಬಹುದು. ನೆರೆಮನೆಯವರ ಪಟ್ಟಿಗಿಂತ ನಿಮ್ಮ ನೋಟ್‌ಬುಕ್ ಹೆಚ್ಚು ಸತ್ಯ ಹೇಳುತ್ತದೆ. ತಜ್ಞರ ಬಳಿ ಹೋಗುವಾಗ ಅದನ್ನೂ ಒಯ್ಯಿರಿ.

ಮಾಂಸದ ವಿಷಯದಲ್ಲಿ ಸ್ವಲ್ಪ ಜಾಗ್ರತೆ ಬೇಕು. ಇಂಗ್ಲೆಂಡಿನಲ್ಲಿ ಕಾಯಿಲೆ ತಣ್ಣಗಿದ್ದ ರೋಗಿಗಳನ್ನು ಒಂದು ವರ್ಷ ಗಮನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಂಪು ಮಾಂಸ ಮತ್ತು ಸಂಸ್ಕರಿಸಿದ ಮಾಂಸ ಹೆಚ್ಚು ತಿನ್ನುವವರಲ್ಲಿ ಕಾಯಿಲೆ ಮರುಕಳಿಸಿದ್ದು ಹೆಚ್ಚು ಕಂಡುಬಂತು. ಮಾಂಸವೇ ಕಾರಣ ಎಂದು ಅದರಿಂದ ಸಾಬೀತಾಗುವುದಿಲ್ಲ. ಆದರೂ ಆಡು, ದನದ ಮಾಂಸವನ್ನು ಮಿತಗೊಳಿಸುವುದು ಜಾಣತನ ಎಂದು ತಜ್ಞರು ಹೇಳುತ್ತಾರೆ. ಬಕ್ರೀದ್ ಬಳಿಕ ಫ್ರಿಡ್ಜ್ ತುಂಬ ಮಾಂಸವಿರುವಾಗ ದಿನವೂ ಎರಡು ಹೊತ್ತು ತಿನ್ನುವ ನಮ್ಮ ರೂಢಿ ಈ ರೋಗಿಗಳಿಗೆ ಹೇಳಿದ್ದಲ್ಲ. ನಿಮ್ಮ ಪಾಲು ಬಡವರ ಮನೆಗೆ ಇನ್ನಷ್ಟು ಹೋಗಲಿ. ಬದಲಿಗೆ ಬೂತಾಯಿ, ಬಂಗುಡೆ ತಿನ್ನಿ. ದುಬಾರಿ ಮೀನೆಣ್ಣೆ ಮಾತ್ರೆಗಿಂತ ಈ ಅಗ್ಗದ ಮೀನುಗಳಲ್ಲಿರುವ ಒಮೆಗಾ 3 ಕೊಬ್ಬೇ ಲೇಸು. ಜೂನ್, ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದ್ದು ಮೀನು ತುಟ್ಟಿಯಾದಾಗ ಮೊಟ್ಟೆ, ಹೆಸರುಬೇಳೆ ಇದೆ. ಉಪ್ಪು ಖಾರ ತುಂಬಿದ ಒಣಮೀನು ಹಿತಮಿತವಾಗಿರಲಿ.

ಹೊಸದಿಲ್ಲಿಯ ಏಮ್ಸ್ ವೈದ್ಯರು 2022ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕಾಯಿಲೆ ಸಾಧಾರಣ ಮಟ್ಟದಲ್ಲಿದ್ದ ರೋಗಿಗಳಿಗೆ ಆರೋಗ್ಯವಂತರ ಮಲದ ಸೂಕ್ಷ್ಮಜೀವಿಗಳನ್ನು ಕರುಳಿಗೆ ಸೇರಿಸಿ, ಜೊತೆಗೆ ಉರಿಯೂತ ತಗ್ಗಿಸುವ ಆಹಾರವನ್ನೂ ಕೊಟ್ಟರು. ನಂತರ ಆ ಆಹಾರವನ್ನೇ ಮುಂದುವರಿಸಿದವರಲ್ಲಿ ಒಂದು ವರ್ಷದವರೆಗೂ ಒಳ್ಳೆಯ ಫಲ ಕಂಡುಬಂತು. ಇದು ಆಸ್ಪತ್ರೆಯಲ್ಲಿ, ತಜ್ಞರ ಕಣ್ಗಾವಲಿನಲ್ಲಿ ನಡೆದದ್ದು. ಮನೆಯಲ್ಲಿ ಯಾರೂ ಇಂಥ ಸಾಹಸಕ್ಕೆ ಇಳಿಯಬಾರದು. ಆದರೆ ತಟ್ಟೆಯಲ್ಲಿರುವುದಕ್ಕೂ ಕರುಳಿನ ನೆಮ್ಮದಿಗೂ ನಂಟಿದೆ ಎಂಬುದನ್ನು ನಮ್ಮ ದೇಶದ ವೈದ್ಯರೇ ತೋರಿಸಿದ್ದಾರೆ.

ಜೇನು, ಕರಿಜೀರಿಗೆ, ಅರಿಶಿನ

ನಮ್ಮ ಮನೆಗಳಲ್ಲಿ ಜೇನು, ಕರಿಜೀರಿಗೆಗೆ ವಿಶೇಷ ಸ್ಥಾನವಿದೆ. ಮಿತವಾಗಿ ಸೇವಿಸುವುದರಿಂದ ಹೆಚ್ಚಿನವರಿಗೆ ತೊಂದರೆಯಿಲ್ಲ. ಜೇನು ಹೆಚ್ಚಾದರೆ ಕೆಲವರಿಗೆ ಭೇದಿ ಹೆಚ್ಚುತ್ತದೆ. ಅರಿಶಿನದ ಸಾರವನ್ನು ವೈದ್ಯರ ಮಾತ್ರೆಯ ಜೊತೆಗೆ ಕೊಟ್ಟು ನಡೆಸಿದ ಸಣ್ಣ ಅಧ್ಯಯನಗಳಲ್ಲಿ ಕೆಲವರಿಗೆ ಉಪಯೋಗವಾಗಿದೆ. ಆದರೆ ಅಲ್ಲಿ ಕೊಟ್ಟ ಪ್ರಮಾಣ ಸಾರಿಗೆ ಹಾಕುವ ಚಿಟಿಕೆಗಿಂತ ತುಂಬ ಹೆಚ್ಚು, ಮಾತ್ರೆ ನಿಲ್ಲಿಸಿಯೂ ಇರಲಿಲ್ಲ. ಔಷಧಿ ಹುಡುಕಿ ಚಿಕಿತ್ಸೆ ಮಾಡಿಸಿಕೊಳ್ಳುವುದು ಪ್ರವಾದಿಯವರು ಕಲಿಸಿದ ದಾರಿಯೇ. ತವಕ್ಕುಲ್ ಎಂದರೆ ಮಾತ್ರೆ ಬಿಡುವುದಲ್ಲ.

ಮಾತ್ರೆ ಬಿಡುವುದು ಕಾಯಿಲೆ ಮರುಕಳಿಸಲು ದೊಡ್ಡ ಕಾರಣ. ಗುಣವಾಯಿತೆಂದು ಬಿಡುವವರಿದ್ದಾರೆ. ಗರ್ಭಿಣಿಯಾದೆ ಎಂದು ಹೆದರಿ ಬಿಡುವವರಿದ್ದಾರೆ. ಗಲ್ಫ್‌ನಲ್ಲಿ ಕೆಲಸದ ಕಡೆ ಗೊತ್ತಾದೀತೆಂದು ಬಿಡುವವರಿದ್ದಾರೆ. ಗರ್ಭಿಣಿಗೆ ಮಾತ್ರೆಗಿಂತ ಕೆರಳಿದ ಕಾಯಿಲೆಯೇ ಹೆಚ್ಚು ಅಪಾಯ. ಯಾವುದನ್ನು ಮುಂದುವರಿಸಬೇಕು, ಯಾವುದನ್ನು ಬದಲಿಸಬೇಕು ಎಂದು ವೈದ್ಯರೇ ಹೇಳಲಿ. ಊರಿಗೆ ರಜೆಯಲ್ಲಿ ಬರುವವರು, ಮರಳಿ ಹೋಗುವವರು ಚೀಟಿಯ ಸಮೇತ ಸಾಕಷ್ಟು ಔಷಧಿ ಇಟ್ಟುಕೊಳ್ಳಿ. ಇನ್ನೊಂದು ಎಚ್ಚರಿಕೆ: ಮೈಕೈ ನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ಮಾತ್ರೆಗಳನ್ನು ನೀವೇ ತೆಗೆದುಕೊಳ್ಳಬೇಡಿ. ಅವು ಕರುಳನ್ನು ಕೆರಳಿಸಬಲ್ಲವು. ಭೇದಿ ನಿಲ್ಲಿಸುವ ಮಾತ್ರೆಯೂ ರಕ್ತಭೇದಿಯಲ್ಲಿ ಅಪಾಯಕಾರಿ.

ನೀರು ಮತ್ತು ನೈರ್ಮಲ್ಯ

ಕಾಯಿಲೆ ತಣ್ಣಗಿದ್ದರೂ ಒಂದು ಸೋಂಕು ಅದನ್ನು ಎಬ್ಬಿಸಬಹುದು. ಮಳೆಗಾಲದಲ್ಲಿ ತೋಟದ ನೀರು ಬಾವಿಗೆ ಇಳಿಯುವ ಮನೆಗಳಲ್ಲಿ ಕುಡಿಯುವ ನೀರನ್ನು ವರ್ಷವಿಡೀ ಕುದಿಸಿಯೇ ಕುಡಿಯಿರಿ. ಅಡುಗೆ ಮಾಡುವವರೂ ಉಣ್ಣುವವರೂ ಸಾಬೂನಿನಿಂದ ಕೈ ತೊಳೆಯಲಿ. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳುವವರು ಹೊರಗಿನ ಹಸಿ ಸಲಾಡ್, ಐಸ್ ಹಾಕಿದ ಜ್ಯೂಸ್, ಶವರ್ಮಾದ ಮಯೋನೀಸ್ ಬಿಡುವುದು ಒಳ್ಳೆಯದು. ನೆರೆಯ ಕೇರಳ ಸರಕಾರ 2023ರ ಜನವರಿಯಲ್ಲಿ ಹಸಿ ಮೊಟ್ಟೆಯ ಮಯೋನೀಸನ್ನು ನಿಷೇಧಿಸಿದ್ದು ಆಹಾರ ವಿಷವಾಗುವ ಅಪಾಯದಿಂದಲೇ.

ರಮಝಾನ್, ನಮಾಝ್, ಮದುವೆ ಊಟ

ಕಾಯಿಲೆ ಕೆರಳಿರುವಾಗ ಉಪವಾಸ ಹಿಡಿಯಬೇಡಿ. ನೀರು ಕುಡಿಯದೆ ಭೇದಿಯಾದರೆ ಮೂತ್ರಪಿಂಡಕ್ಕೂ ತೊಂದರೆ. ರೋಗಿಗೆ ಉಪವಾಸದಿಂದ ವಿನಾಯಿತಿ ಇರುವುದು ಕುರ್‌ಆನಿನ ಅಲ್‌ಬಕರ ಅಧ್ಯಾಯದ 184 ಮತ್ತು 185ನೇ ವಚನಗಳಲ್ಲೇ ಇದೆ. ಅಲ್ಲಾಹನು ಕೊಟ್ಟ ರಿಯಾಯಿತಿಯನ್ನು ಪಡೆಯುವುದರಲ್ಲಿ ಅಪರಾಧಿ ಭಾವ ಏಕೆ? ಆದರೆ ನಮ್ಮ ಮನೆಗಳಲ್ಲಿ ಉಪವಾಸ ಬಿಟ್ಟವರು, ಅದರಲ್ಲೂ ಸೊಸೆಯಂದಿರು, ಹಗಲು ಒಂದು ಲೋಟ ನೀರನ್ನೂ ಕದ್ದು ಕುಡಿಯಬೇಕಾದ ಸ್ಥಿತಿಯಿದೆ. ಮನೆಯ ಹಿರಿಯರೇ, ರೋಗಿಗೆ ಹಗಲು ಊಟದ ವ್ಯವಸ್ಥೆ ಮಾಡಿಕೊಡುವುದು ನಿಮ್ಮ ಹೊಣೆ. ಖಝಾ, ಫಿದ್ಯದ ವಿಷಯವನ್ನು ನಿಮ್ಮ ಖತೀಬರಲ್ಲಿ ವಿಚಾರಿಸಿ.

ಕಾಯಿಲೆ ತಣ್ಣಗಿದ್ದು ಉಪವಾಸ ಹಿಡಿಯುವ ಆಸೆಯಿದ್ದರೆ ಒಂದೆರಡು ತಿಂಗಳ ಮುಂಚೆಯೇ ವೈದ್ಯರನ್ನು ಕಾಣಿ. ಕೆಲವು ಮಾತ್ರೆಗಳನ್ನು ದಿನಕ್ಕೊಮ್ಮೆ ನುಂಗುವಂತೆ ಬದಲಿಸಲು ಸಾಧ್ಯ. ಗುದದ್ವಾರದ ಮೂಲಕ ಹಾಕುವ ಔಷಧಿಯನ್ನು ರಾತ್ರಿ ಮಲಗುವಾಗ ಹಾಕಬಹುದು. ಇಫ್ತಾರ್‌ನಲ್ಲಿ ಸಮೋಸ, ಕಟ್ಲೆಟ್‌ಗಳಿಂದ ಆರಂಭಿಸಬೇಡಿ. ಖರ್ಜೂರ ಒಂದು, ನೀರು, ನಂತರ ಮೆತ್ತಗಿನ ಗಂಜಿ. ಸಹರಿ ಬಿಡಬೇಡಿ. ನಡುವೆ ರಕ್ತ ಕಂಡರೆ ಉಪವಾಸ ನಿಲ್ಲಿಸಿ.

ವುಝೂ ನಿಲ್ಲದವರಿಗೂ ಫಿಕ್‌ಹ್‌ನಲ್ಲಿ ರಿಯಾಯಿತಿಗಳಿವೆ. ನಾಚಿಕೆಯಿಂದ ನಮಾಝನ್ನೇ ಬಿಟ್ಟು ಕೊರಗುವ ಬದಲು ಬಲ್ಲ ಆಲಿಮರಲ್ಲಿ ಕೇಳಿ. ಕೇಳಲು ಸಂಕೋಚವಾದರೆ ಮನೆಯವರ ಮೂಲಕ ಕೇಳಿಸಿ.

ಮದುವೆಯಲ್ಲಿ ಬಿರಿಯಾನಿ ತಿನ್ನದವರನ್ನು ಒತ್ತಾಯಿಸುವುದು ಪ್ರೀತಿ ಎಂದು ನಾವು ತಿಳಿದಿದ್ದೇವೆ. ಬೇಡ ಎಂದವರಿಗೆ ಒಂದು ಕಾರಣವಿರುತ್ತದೆ. ಬಡಿಸುವವರು ಇಷ್ಟು ನೆನಪಿಟ್ಟರೆ ಸಾಕು. ರೋಗಿಗಳು ಮನೆಯಲ್ಲಿ ಸ್ವಲ್ಪ ಉಂಡು ಹೊರಡಿ. ಚೀಲದಲ್ಲಿ ಒಂದು ಜೊತೆ ಬಟ್ಟೆ, ನೀರಿನ ಬಾಟಲಿ ಇರಲಿ. ದಾರಿಯಲ್ಲಿ ಶೌಚಾಲಯ ಎಲ್ಲೆಲ್ಲಿದೆ ಎಂದು ಗುರುತಿಟ್ಟುಕೊಳ್ಳಿ. ಮಸೀದಿ, ಮದ್ರಸ, ಹಾಲ್‌ಗಳ ಆಡಳಿತದವರು ಹೆಂಗಸರ ಕಡೆಯಲ್ಲೂ ನೀರಿರುವ, ಚಿಲಕ ಬೀಳುವ ಶೌಚಾಲಯ ಇದೆಯೇ ಎಂದು ಒಮ್ಮೆ ನೋಡಿದರೆ ಎಷ್ಟೋ ಜನರ ದುಆ ಸಿಕ್ಕೀತು.

ಇವು ಕಂಡರೆ ತಡ ಮಾಡಬೇಡಿ

ದಿನಕ್ಕೆ ಆರು ಅಥವಾ ಹೆಚ್ಚು ಸಲ ರಕ್ತಭೇದಿ, ಅದರ ಜೊತೆಗೆ ಜ್ವರ, ನಿಮಿಷಕ್ಕೆ 90ಕ್ಕಿಂತ ಹೆಚ್ಚಿನ ನಾಡಿಬಡಿತ ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಆಕ್ಸ್‌ಫರ್ಡಿನ ವೈದ್ಯರಾದ ಟ್ರೂಲವ್ ಮತ್ತು ವಿಟ್ಸ್ 1955ರಲ್ಲಿ ಕೊಟ್ಟ ಈ ಅಳತೆಯನ್ನು ವೈದ್ಯರು ಇಂದಿಗೂ ಬಳಸುತ್ತಾರೆ. ಹೊಟ್ಟೆ ಬಿಗಿದು ಉಬ್ಬಿದರೆ, ನೋವು ತಡೆಯಲಾಗದಿದ್ದರೆ, ತಲೆ ಸುತ್ತಿ ಬಿದ್ದರೆ, ಮೂತ್ರ ತೀರಾ ಕಡಿಮೆಯಾದರೆ ಮನೆಮದ್ದಿನ ಹೊತ್ತು ಮುಗಿಯಿತು ಎಂದು ತಿಳಿಯಿರಿ. ಕಾಯಿಲೆ ಶುರುವಾಗಿ ಎಂಟು ವರ್ಷ ದಾಟಿದವರು ತೊಂದರೆಯಿಲ್ಲದಿದ್ದರೂ ಕೊಲೊನೋಸ್ಕೋಪಿ ಮಾಡಿಸಿಕೊಳ್ಳುವ ಬಗ್ಗೆ ತಜ್ಞರಲ್ಲಿ ಕೇಳಬೇಕು. ಕರುಳಿನ ಕ್ಯಾನ್ಸರ್ ಇದ್ದರೆ ಬೇಗ ತಿಳಿಯುತ್ತದೆ.

ಈ ಕಾಯಿಲೆಯ ಜೊತೆಗೆ ಓದಿದವರು, ದುಡಿದವರು, ಮಕ್ಕಳನ್ನು ಹೆತ್ತು ಸಾಕಿದವರು ಬಹಳ ಮಂದಿ ಇದ್ದಾರೆ. ಇದಕ್ಕೆ ಬೇಕಾದದ್ದು ತಪ್ಪದ ಮಾತ್ರೆ, ಅರಿತು ಮಾಡಿದ ಅಡುಗೆ ಮತ್ತು ಮನೆಯವರ ತಾಳ್ಮೆ. ಇಂದು ರಾತ್ರಿ ಊಟಕ್ಕೆ ಕೂತಾಗ ಯಾರಾದರೂ ಸುಮ್ಮನೆ ಎದ್ದು ಹೋದರೆ ಬೈಯಬೇಡಿ. ಆಮೇಲೆ ಹತ್ತಿರ ಕೂತು, ಹೊಟ್ಟೆ ಹೇಗಿದೆ ಎಂದು ಮೆಲ್ಲಗೆ ಕೇಳಿ. ಅವರ ಚಿಕಿತ್ಸೆ ಅಲ್ಲಿಂದಲೇ ಶುರುವಾಗಬಹುದು, ಇನ್‌ಶಾ ಅಲ್ಲಾಹ್.